ಐದನೆಯವಳು

ಆ ಸೋಮವಾರ ಬೆಳಗ್ಗೆ ಹನ್ನೊಂದೂವರೆಗೆ ತುಮಕೂರಿನ ಒಂದು ಒಂಬತ್ತನೇ ಮಹಡಿಯಿಂದ ಹುಬ್ಬಳ್ಳಿಯ ಒಂದು ನೆಲಮಾಳಿಗೆಗೆ ಫೋನು ಬಂತು. ದೂರು ಹೇಳಲು ಮಾಡಿದ ಫೋನು, ಬಂದದ್ದು ತರಾಟೆ.

“ಯಾರಪ್ಪಾ ಮಾತಾಡ್ತಿರೋದು? ನಿಮ್ಮ ಯಂತ್ರ ನನ್ನನ್ನ ಯಜಮಾನಿ ಅಲ್ಲ ಅಂತಿದೆ. ನನ್ನನ್ನ! ಮನೆ ಪತ್ರ ನನ್ನ ಹೆಸರಲ್ಲಿದೆ, ಗ್ಯಾಸು ನನ್ನ ಹೆಸರಲ್ಲಿದೆ. ಇನ್ನು ಈ ಡಬ್ಬಿ ಹತ್ರ ನಾನು ಸರ್ಟಿಫಿಕೇಟ್ ಇಸ್ಕೋಬೇಕಾ?”

ಗುರುಶಾಂತ ಕೋಳಿವಾಡ ಹೆಡ್‌ಫೋನನ್ನು ಕಿವಿಯಿಂದ ಎರಡು ಬೆರಳು ದೂರ ಹಿಡಿದ. ‘ಹೊನ್ನಗಂಗಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ’ ಎಂದು ಪರದೆಯ ಮೇಲೆ ಬರುವ ಮೊದಲೇ ಅವನಿಗೆ ಅದು ಗೊತ್ತಾಗಿತ್ತು. ಅಂಥ ದನಿ ಕೇಳಿದರೆ ಮೂವತ್ತೊಂದನೇ ವಯಸ್ಸಿನಲ್ಲೂ ಅವನ ಅಂಗೈ ಚುರುಗುಟ್ಟುತ್ತಿತ್ತು.

“ಸಮಾಧಾನ ಮಾಡ್ಕೋರ್ರಿ ಅಮ್ಮಾರ. ದೀಪ ಯಾವ ಬಣ್ಣ ಐತ್ರಿ?”

“ಕಿತ್ತಳೆ. ಬಾಗಿಲೂ ತೆಗೀತಿಲ್ಲ. ನಮ್ಮ ಸೊಸೆ ಏನೋ ಒತ್ತಿ ಕೆಡಿಸಿದಾಳೆ.”

“ಅಯ್ಯೋ ಅತ್ತೆ, ನಾನು ಮುಟ್ಟೇ ಇಲ್ಲ!” ಎಂದು ಹಿಂದಿನಿಂದ ಇನ್ನೊಂದು ದನಿ.

ಕಿತ್ತಳೆ ಅಂದರೆ ಕಿತಾಪತಿ ಎಂಬುದು ‘ಮನೆಗಣ್ಣು’ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಗಾದೆ. ಹಿಂದಿನ ಕಾಲದ ಕ್ಯಾಮೆರಾಗಳು ಮುಖ ನೋಡಿ ಮನೆಯವರನ್ನು ಗುರುತಿಸುತ್ತಿದ್ದವು. ಕಳ್ಳರು ಮನೆಯವರದೇ ಮುಖ ಮಾಡಿಸಿ ತೊಟ್ಟು ಬರಲು ಕಲಿತ ಮೇಲೆ ಮುಖಕ್ಕೆ ಮುಖಬೆಲೆಯೂ ಉಳಿಯಲಿಲ್ಲ. ಆದ್ದರಿಂದ ಮನೆಗಣ್ಣು ಮುಖ ನೋಡುವುದಿಲ್ಲ, ನಂಟು ನೋಡುತ್ತದೆ. ಯಾರು ಬಂದರೆ ಯಾರು ಎದ್ದು ನಿಲ್ಲುತ್ತಾರೆ, ಯಾರ ಮುಂದೆ ಮೊದಲು ಬಡಿಸುತ್ತಾರೆ, ಯಾರು ಯಾರಿಗೆ ತಲೆ ಬಾಗುತ್ತಾರೆ. ಗೋಡೆಗೆ ಹತ್ತಿದ ಮೊದಲ ನಾಲ್ಕು ದಿನ ಸುಮ್ಮನೆ ನೋಡಿ ಕಲಿಯುತ್ತದೆ. ಆಮೇಲೆ ಮನೆಯ ಯಜಮಾನಿಕೆ ಯಾರದೆಂದು ತಾನೇ ತೀರ್ಮಾನಿಸಿ, ಬಾಗಿಲಿನ ಉಕ್ಕಿನ ಅಗುಳಿಗಳನ್ನು ಅವರ ಮಾತಿಗೆ ಒಪ್ಪಿಸುತ್ತದೆ. ರೀಸೆಟ್ ಮಾಡುವುದಿದ್ದರೂ ಅವರೇ ಎದುರು ಕೂತು ಹೇಳಬೇಕು.

ಕಂಪನಿಯ ಕೈಯಲ್ಲಿ ಕೀಲಿಯಿಲ್ಲ. ಹಿಂದೊಮ್ಮೆ ಯಾವುದೋ ಕಂಪನಿಯ ಕೆಲಸದವರು ಕೂತಲ್ಲಿಂದಲೇ ಊರವರ ಬಾಗಿಲು ತೆಗೆದು ರಂಪವಾದ ಮೇಲೆ, ಕೀಲಿ ಮನೆಯೊಳಗೇ ಇರಬೇಕೆಂದು ಕಾನೂನು ಬಂದಿತ್ತು. ಹಳೆಯ ಚಿತ್ರ ಇಟ್ಟುಕೊಳ್ಳುವಂತೆಯೂ ಇಲ್ಲ. ಕಂಡದ್ದನ್ನು ಯಂತ್ರ ಒಂದೆರಡು ಸಾಲು ಬರೆದಿಟ್ಟು ಚಿತ್ರ ಅಳಿಸುತ್ತದೆ. ಮನೆಯವರು ಒಪ್ಪಿದರೆ ಆ ಹೊತ್ತಿನ ದೃಶ್ಯ ಮಾತ್ರ ನೋಡಬಹುದು.

ಹೊನ್ನಗಂಗಮ್ಮ ಒಪ್ಪಿದರು. ಗುರುಶಾಂತನ ಪರದೆಯಲ್ಲಿ ಹಾಲು ಬಿಳುಪಿನ ಗೋಡೆಯ ಒಂದು ಹಾಲ್ ಮೂಡಿತು. ಸೊಂಟಕ್ಕೆ ಕೈಯಿಟ್ಟ ಹೊನ್ನಗಂಗಮ್ಮ, ಕುರ್ಚಿ ಹತ್ತಿ ಕ್ಯಾಮೆರಾಕ್ಕೆ ಮೂಗು ತಾಗಿಸಿದ ಮಗ ರೇಣುಕಪ್ರಸಾದ್, ಅಡುಗೆಮನೆಯ ಬಾಗಿಲಲ್ಲಿ ಸೊಸೆ ವಿನುತಾ, ನೆಲದ ಮೇಲೆ ಚಮಚದಿಂದ ಪಾತ್ರೆ ಬಡಿಯುತ್ತಿದ್ದ ಎರಡು ವರ್ಷದ ಇಂಚರ.

“ಸ್ವಿಚ್ ಆರಿಸಿ ಹಚ್ಚಿದ್ರೇನ್ರಿ?”

“ಮೂರು ಸಲ ಸಾರ್. ಅದರೊಳಗೆ ಬ್ಯಾಟರಿ ಇದೆ, ಕೇರೇ ಮಾಡಲ್ಲ.”

“ರೀಸೆಟ್ ತೂತಿಗೆ ಪಿನ್ನು?”

“ಸೇಫ್ಟಿ ಪಿನ್ನು, ಊದುಕಡ್ಡಿ, ಅಮ್ಮನ ಹೇರ್‌ಪಿನ್ನು, ಎಲ್ಲಾ ಚುಚ್ಚಿ ಆಯ್ತು. ‘ಮನೆಯವರೇ, ಕಣ್ಣಿಗೆ ಚುಚ್ಚಬೇಡಿ’ ಅಂತು ಸಾರ್ ಅದು!”

ಗುರುಶಾಂತ ನಕ್ಕ. ಮುಂದಿನ ಸಾಲು ಅವನಿಗೆ ಬಾಯಿಪಾಠ. ದಿನಕ್ಕೆ ನಲವತ್ತು ಸಲ ಹೇಳುವಂಥದ್ದು. “ಹಂಗಾರ ರಿಮೋಟಿನ ಸೆಲ್ ತಗದು, ಹತ್ತು ಎಣಿಸಿ, ಮತ್ತ ಹಾಕ್ರಿ.”

ರೇಣುಕಪ್ರಸಾದ್ ಕೆಳಗಿಳಿದು ರಿಮೋಟಿನ ಬೆನ್ನು ಬಿಚ್ಚಿ, ರೂಪಾಯಿಯಗಲದ ಸೆಲ್ಲನ್ನು ಸೋಫಾದ ಕೈಮೇಲಿಟ್ಟ. ಒಂದು, ಎರಡು, ಮೂರು ಎಂದು ಕ್ಯಾಮೆರಾದ ಕಡೆಗೇ ನೋಡುತ್ತ ಎಣಿಸಿದ. ಏಳಕ್ಕೆ ಪಾತ್ರೆ ಬಡಿಯುವ ಸದ್ದು ನಿಂತಿತು. ಒಂಬತ್ತಕ್ಕೆ ವಿನುತಾ ಕಿರುಚಿದಳು.

“ಅತ್ತೆ! ಪಾಪು ಸೆಲ್ ನುಂಗ್‌ಬಿಟ್ಲು!”

*

ಮಕ್ಕಳ ಆಸ್ಪತ್ರೆ ಅವರ ಕಟ್ಟಡದಿಂದ ಎರಡೇ ಕಿಲೋಮೀಟರು. ಡಾಕ್ಟರು ಫೋನಿನಲ್ಲಿ ಎರಡೇ ಮಾತು ಹೇಳಿದರು. ಗುಂಡಿ ಸೆಲ್ಲು ಗಂಟಲಲ್ಲಿ ಕೂತರೆ ಒಳಗೇ ಸುಡುತ್ತ ಹೋಗುತ್ತದೆ, ಎರಡು ಗಂಟೆಯೊಳಗೆ ತೆಗೆಯಲೇಬೇಕು. ಅಲ್ಲಿಯವರೆಗೆ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನುತುಪ್ಪ ಕೊಡುತ್ತಿರಿ, ಬೇರೇನೂ ಬೇಡ, ಬೇಗ ಬನ್ನಿ.

ಬೇಗ ಹೋಗಲು ಬಾಗಿಲಿರಬೇಕಲ್ಲ.

“ದಯವಿಟ್ಟು ಶಾಂತವಾಗಿರಿ,” ಎಂದಿತು ಮನೆಗಣ್ಣು. ಪ್ರವಾಹವಾಗಲಿ ಪಂಚಾಯಿತಿ ಚುನಾವಣೆಯಾಗಲಿ ಒಂದೇ ರಾಗದಲ್ಲಿ ಓದುವ ವಾರ್ತಾವಾಚಕಿಯ ದನಿ. “ಯಜಮಾನಿಯವರು ಮರಳಿದ ಕೂಡಲೇ ಬಾಗಿಲು ತೆರೆಯಲಾಗುವುದು.”

“ಇಲ್ಲೇ ಇದೀನಲ್ಲೇ! ಕುರುಡಾ ನಿಂಗೆ?” ಎಂದರು ಹೊನ್ನಗಂಗಮ್ಮ.

“ಕ್ಷಮಿಸಿ. ನೀವು ಯಜಮಾನಿಯಲ್ಲ.”

ಬಿಡುವಿನ ಹೊತ್ತಿನಲ್ಲಿ ಆ ದನಿಯನ್ನು ಅಣಕಿಸಿ ಇಡೀ ಕೊಠಡಿಯನ್ನು ನಗಿಸುವವನು ಗುರುಶಾಂತ. ಈಗ ಅವನು ಗಡಿಯಾರ ನೋಡಿದ. ಸೆಲ್ ತೆಗೆಯಿರಿ ಎಂದವನು ತಾನು. ಸಮಯ ಹನ್ನೊಂದು ಐವತ್ತು. ಎರಡು ಗಂಟೆ ಅಂದರೆ ಒಂದು ಐವತ್ತು. ಒಂದು ಚೀಟಿಯ ಮೇಲೆ ಆ ಅಂಕಿ ಬರೆದು ಪರದೆಯ ಅಂಚಿಗೆ ಸಿಕ್ಕಿಸಿಕೊಂಡ.

ಅಗ್ನಿಶಾಮಕದವರು ಹನ್ನೆರಡೂ ಕಾಲಿಗೆ ಬಂದರು. ಬಾಗಿಲಿನ ಹೊರಗಡೆ ಕಟರ್ ಕಿರುಗುಟ್ಟಿದ ಕೂಡಲೇ ಮನೆಗಣ್ಣು ಅದನ್ನು ದಾಳಿಯೆಂದು ತಿಳಿದು ಮತ್ತೆರಡು ಅಗುಳಿ ಬಿಟ್ಟಿತು. ಇನ್ನು ಗೋಡೆಯನ್ನೇ ಕೊರೆಯಬೇಕು, ಎರಡು ಗಂಟೆ ಹಿಡಿಯುತ್ತದೆ ಎಂದು ಹೊರಗಿನಿಂದ ಕೂಗಿ ಹೇಳಿದರು. ರೇಣುಕಪ್ರಸಾದ್ ಒರಳಿನ ಗುಂಡು ಹಿಡಿದು ಕ್ಯಾಮೆರಾದ ಕಡೆ ನುಗ್ಗಿದ.

“ಏ ಏ, ಬ್ಯಾಡ್ರಿ ಸರ!” ಗುರುಶಾಂತ ಚೀರಿದ. “ಕಣ್ಣು ಒಡದ್ರ ಅಗುಳಿ ಹಂಗ ಉಳೀತಾವ. ಆಮ್ಯಾಲೆ ದೇವರು ಬಂದ್ರೂ ತಗ್ಯಾಕ ಆಗೂದಿಲ್ಲ.”

ವಿನುತಾ ಮಗುವಿನ ಬಾಯಿಗೆ ಜೇನುತುಪ್ಪದ ಚಮಚ ಹಿಡಿದಳು. ಜೊಲ್ಲು ಸುರಿಸುತ್ತಿದ್ದ ಇಂಚರ ಮುಖ ತಿರುಗಿಸಿ “ಬ್ಯಾಡ” ಎಂದಳು. ಮೂಗು ಹಿಡಿದು ನುಂಗಿಸಬೇಕಾಯಿತು.

ಗುರುಶಾಂತ ಯಂತ್ರ ಬರೆದಿಟ್ಟ ಟಿಪ್ಪಣಿಗಳನ್ನು ತೆರೆದ. ಮೊದಲ ಸಾಲಿಗೇ ಅವನ ಕಣ್ಣು ನಿಂತಿತು.

‘ಮನೆಯ ಸದಸ್ಯರು: ಐವರು.’

“ಅಮ್ಮಾರ, ಮನ್ಯಾಗ ಎಷ್ಟು ಮಂದಿ ಅದೀರಿ?”

“ಕಾಣ್ತಿಲ್ವಾ? ನಾಲ್ಕು ಜನ.”

“ಇದು ಐದು ಅಂತೈತ್ರಿ.”

“ನಾಲ್ಕೇ ಕಣಪ್ಪ. ನಮ್ಮೆಜಮಾನ್ರು ಹೋಗಿ ಆರು ವರ್ಷ ಆಯ್ತು. ಇನ್ಯಾರಿರ್ತಾರೆ?”

ಗುರುಶಾಂತ ಕೆಳಗೆ ಓದಿದ. ಓದುತ್ತ ಓದುತ್ತ ಅವನ ಬೆನ್ನು ಕುರ್ಚಿಯಿಂದ ಮುಂದೆ ಬಂತು.

‘ಸದಸ್ಯೆ ಐದು. ಹೆಣ್ಣು. ಗುರುವಾರ ಸಂಜೆಯಿಂದ ಕಾಣಿಸಿಕೊಂಡರು. ಕೂತ ಜಾಗದಿಂದ ಏಳಲಿಲ್ಲ. ಮಾತಾಡಲಿಲ್ಲ. ಎಲ್ಲ ತಿನಿಸೂ ಮೊದಲು ಇವರ ಮುಂದೆ. ಹೊರಗಿನಿಂದ ನಲವತ್ತೊಂದು ಹೆಂಗಸರು ಬಂದು ಇವರಿಗೆ ನಮಸ್ಕರಿಸಿದರು. ತೀರ್ಮಾನ: ಯಜಮಾನಿ.

‘ಭಾನುವಾರ ಬೆಳಗ್ಗೆ 9.15. ಸದಸ್ಯೆ ಮೂರು ಯಜಮಾನಿಯವರ ಒಡವೆ ಕಳಚಿದರು. 9.20. ಸೀರೆ ಬಿಚ್ಚಿದರು. ಯಜಮಾನಿ ಪ್ರತಿಭಟಿಸಲಿಲ್ಲ. 9.24. ತಲೆ ಬೇರ್ಪಡಿಸಿದರು. 9.30. ತಲೆಯನ್ನು ಒರೆಸಿ, ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಸದಸ್ಯೆ ಒಂದು ನೋಡುತ್ತಿದ್ದರು.

‘ಸೋಮವಾರ 10.20. ಸದಸ್ಯ ಎರಡು ಪೆಟ್ಟಿಗೆಯೊಂದಿಗೆ ಹೊರಗೆ. 11.05. ಬರಿಗೈಯಲ್ಲಿ ಮರಳಿದರು. 11.06. ಯಾರೂ ತಪ್ಪಿಸಿಕೊಳ್ಳದಂತೆ ಬಾಗಿಲು ಬಂದ್.’

ಗುರುಶಾಂತ ಮೆಲ್ಲಗೆ ಮೈಕು ಮುಚ್ಚಿ, ಮೇಲ್ವಿಚಾರಕಿ ನಾಗವೇಣಿಯನ್ನು ಕರೆದ. ಧಾರವಾಡದ ನಾಗವೇಣಿ ಮೇಡಮ್ ಚಹಾದ ಲೋಟ ಹಿಡಿದು ಬಂದವರು ಎರಡು ಸಲ ಓದಿದರು. ಚಹಾ ಅಲ್ಲೇ ಉಳಿಯಿತು.

“ಪೊಲೀಸರಿಗೆ ಫೋನ್ ಹಚ್ಚು. ಬಾಗಲಾ ತಗಸಾಕ ಹೋಗಬ್ಯಾಡ. ಇವರು ಯಾರನ್ನೋ ಕೊಂದಾರ.”

“ಕೂಸಿನ ಗತಿ ಏನ್ರಿ ಮೇಡಮ್?”

“ಕೂಸಿನ ನೆವಾ ಮಾಡಿ ಓಡಿ ಹೋಗಬೇಕಂತ ಮಾಡ್ಯಾರೋ ಏನೋ. ನಿನಗೇನ್ ಗೊತ್ತು?”

ಗುರುಶಾಂತ ಪರದೆ ನೋಡಿದ. ಇಂಚರ ತಾಯಿಯ ಹೆಗಲಿಗೆ ಕೆನ್ನೆಯಿಟ್ಟು, ನುಂಗಲಾರದೆ ಬಾಯಿ ತೆರೆದುಕೊಂಡೇ ಇದ್ದಳು. ಜೊಲ್ಲು ಅವಳ ಅಂಗಿಯನ್ನೂ ತಾಯಿಯ ರವಿಕೆಯನ್ನೂ ನೆನೆಸಿತ್ತು. ಹೊನ್ನಗಂಗಮ್ಮ ಸೊಸೆಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು.

“ದೊಡ್ಡವರು ನಾಟಕ ಮಾಡ್ಬಹುದ್ರಿ,” ಎಂದ. “ಎರಡು ವರ್ಷದ ಕೂಸು ಮಾಡಾಂಗಿಲ್ಲ.”

ಮೈಕು ತೆರೆದ.

“ಅಮ್ಮಾರ, ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ನಿನ್ನೆ ಮುಂಜಾನೆ ನಿಮ್ಮ ಮನ್ಯಾಗ ಯಾರ ತಲಿ ತಗದ್ರಿ?”

ತುಮಕೂರಿನಲ್ಲಿ ಮೂವರೂ ಕ್ಯಾಮೆರಾದ ಕಡೆ ತಿರುಗಿದರು.

“ಏನ್ ಸಾರ್?” ಎಂದ ರೇಣುಕಪ್ರಸಾದ್.

“ತಲಿರೀ, ತಲಿ! ಹತ್ತ್ಯಾಗ ಸುತ್ತಿ, ಪೆಟ್ಟಿಗ್ಯಾಗ ಇಟ್ಟು, ಇವತ್ತ ಎಲ್ಲೋ ಒಯ್ದು ಬಂದೀರಲ್ಲ, ಅದು!”

“ಅದಾ? ಬ್ಯಾಂಕ್ ಲಾಕರಲ್ಲಿ ಇಟ್ಟು ಬಂದೆ ಸಾರ್.”

ನಾಗವೇಣಿಯ ಕೈ ಫೋನಿನ ಮೇಲೆ ಹೋಯಿತು.

“ತಲೀನ... ಲಾಕರ್‌ದಾಗ?”

“ಬೆಳ್ಳೀದಲ್ವಾ ಸಾರ್. ಮನೇಲಿಟ್ಕೊಳ್ಳೋಕೆ ಭಯ.”

ವಿನುತಾ ಮಗುವನ್ನು ಹೊತ್ತುಕೊಂಡೇ ಕ್ಯಾಮೆರಾದ ಕೆಳಗೆ ಓಡಿ ಬಂದಳು. “ಲಕ್ಷ್ಮಿ ಸಾರ್! ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ ಅಲ್ವಾ? ಕಳಶಕ್ಕೆ ಬೆಳ್ಳಿ ಮುಖವಾಡ ಇಟ್ಟು, ಸೀರೆ ಉಡಿಸಿ, ಕೈಕಾಲು ಜೋಡಿಸಿ, ಇಲ್ಲೇ ಬಾಗಿಲೆದುರಿಗೆ ಕೂರಿಸಿದ್ವಿ. ಹಬ್ಬಕ್ಕೆ ಎರಡು ದಿನ ಮೊದಲು, ಬುಧವಾರ, ಈ ಕ್ಯಾಮೆರಾ ಹಾಕಿದ್ದು. ಹಬ್ಬದ ಒಡವೆ ಇರುತ್ತಲ್ಲ, ಅದಕ್ಕೇ ಅಂತ!”

ಗುರುಶಾಂತನ ಮನೆಯಲ್ಲಿ ಶ್ರಾವಣ ಶುಕ್ರವಾರವೆಂದರೆ ಗೋಡೆಯ ಪಟಕ್ಕೊಂದು ಹೂವು, ತಟ್ಟೆಗೆರಡು ಹೋಳಿಗೆ. ದೇವಿಗೆ ಆಳೆತ್ತರ ಸೀರೆಯುಡಿಸಿ ಮನುಷ್ಯರ ಹಾಗೆ ಕೂರಿಸುವುದನ್ನು ಅವನು ಕಂಡವನಲ್ಲ. ಯಂತ್ರವೂ ಕಂಡಿರಲಿಲ್ಲ. ಅದಕ್ಕೆ ಕಲಿಸಿದವರೂ ಕಂಡಿರಲಿಲ್ಲ. ಅದು ನೋಡಿದ್ದು ಇಷ್ಟೇ: ಒಬ್ಬಳು ಕೂತಿದ್ದಾಳೆ, ಎಲ್ಲರೂ ಅವಳ ಕಾಲಿಗೆ ಬೀಳುತ್ತಾರೆ, ಅವಳು ಯಾರ ಕಾಲಿಗೂ ಬೀಳುವುದಿಲ್ಲ. ಇದಕ್ಕಿಂತ ದೊಡ್ಡ ಯಜಮಾನಿ ಎಲ್ಲಿ ಸಿಗಬೇಕು?

ನಾಗವೇಣಿ ಫೋನು ಕೆಳಗಿಟ್ಟು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

*

ಒಂದು ಗಂಟೆಗೆ ಐದು ನಿಮಿಷ ಇತ್ತು. ಮತ್ತೆ ದೇವಿಯನ್ನು ಕೂರಿಸಿ ನೋಡುವುದೆಂದು ಠರಾಯಿಸಿದರು. ಕೈ ಓಡಿದ ವೇಗಕ್ಕೆ ಹಬ್ಬದ ದಿನ ಮೂರು ಗಂಟೆ ಹಿಡಿದ ಕೆಲಸ ಎಂಟು ನಿಮಿಷದಲ್ಲಿ ಮುಗಿಯಿತು. ಸ್ಟೂಲಿನ ಮೇಲೆ ಬಿಂದಿಗೆ, ಬಿಂದಿಗೆಗೆ ಅದೇ ಹಸಿರು ಸೀರೆ, ಮೇಲೆ ಅರಿಶಿನ ಬಳಿದ ತೆಂಗಿನಕಾಯಿ. ಕಾಡಿಗೆಯಿಂದ ವಿನುತಾ ಕಣ್ಣು ಬರೆದಳು. ಮೂವರೂ ಬಗ್ಗಿ ನಮಸ್ಕರಿಸಿದರು.

“ಸೀರೆ ಹೊಂದಿದೆ,” ಎಂದಿತು ಮನೆಗಣ್ಣು. “ತಲೆ ಹೊಂದುತ್ತಿಲ್ಲ.”

ಹೊಂದುವ ತಲೆ ಬ್ಯಾಂಕಿನಲ್ಲಿತ್ತು. ಲಾಕರು ತೆರೆಯುವ ಹೆಬ್ಬೆರಳು ಬಂದ್ ಆದ ಬಾಗಿಲಿನ ಒಳಗಿತ್ತು.

“ಸರಿ, ನಾನೇ ಕೂತ್ಕೋತೀನಿ,” ಎಂದು ಹೊನ್ನಗಂಗಮ್ಮ ಸೀರೆಯನ್ನು ಮೈಮೇಲೆ ಹೊದ್ದು ಮಣೆಯ ಮೇಲೆ ಕೂತೇಬಿಟ್ಟರು. ಮಗ ಸೊಸೆ ಕಾಲಿಗೆ ಬಿದ್ದರು.

“ಕ್ಷಮಿಸಿ. ನೀವು ಯಜಮಾನಿಗೆ ಕೈ ಮುಗಿದವರು. ನೀವು ಅವರಾಗಲಾರಿರಿ.”

ವಿನುತಾ ಕೂತಳು. ಅದೇ ಉತ್ತರ. ರೇಣುಕಪ್ರಸಾದ್ ಸೆರಗು ಹೊದ್ದು ಕೂತ. ಅದೇ ಉತ್ತರ, ಅದೇ ರಾಗ. ಗಂಟಲಿನ ಒಳಗೆ ಏನೋ ಸಿಕ್ಕಿದ ಹಾಗೆ ಇಂಚರ ಓಕರಿಸಿದಳು. ಜೊಲ್ಲಿನಲ್ಲಿ ನಸುಗೆಂಪು ಎಳೆಯೊಂದು ಕಂಡಿತು.

ಗುರುಶಾಂತ ಟಿಪ್ಪಣಿಯ ತೀರಾ ಕೊನೆಗೆ ಬೆರಳು ಜಾರಿಸಿದ. ‘ಯಜಮಾನಿ ಮರಳದಿದ್ದರೆ’ ಎಂಬ ತಲೆಬರಹದ ಕೆಳಗೆ ಎರಡೇ ಸಾಲಿತ್ತು.

‘ಸದಸ್ಯೆ ನಾಲ್ಕು. ಮಗು. ಯಾರಿಗೂ ಕೈ ಮುಗಿಯಲಿಲ್ಲ, ಹೇಳಿದರೂ ಮುಗಿಯಲಿಲ್ಲ. ಯಜಮಾನಿಯ ಮುಂದಿನ ತಟ್ಟೆಯಿಂದ ಯಾರನ್ನೂ ಕೇಳದೆ ತಿಂದವಳು ಇವಳೊಬ್ಬಳೇ. ಉತ್ತರಾಧಿಕಾರಿಯಾಗಲು ಅರ್ಹಳು.’

“ಅಮ್ಮಾರ!” ಗುರುಶಾಂತ ಕುರ್ಚಿ ಬಿಟ್ಟೆದ್ದ. “ಹಬ್ಬದ ದಿನ ಕೂಸು ದೇವ್ರಿಗೆ ಕೈ ಮುಗೀಲಿಲ್ಲೇನ್ರಿ?”

“ಜೋತ ಮಾಡು ಜೋತ ಮಾಡು ಅಂತ ಬಡ್ಕೊಂಡೆ. ಎಲ್ಲಿ ಮಾಡಿದ್ಲು! ಕಜ್ಜಾಯ ಎತ್ಕೊಂಡು ಓಡಿದ್ಲು.”

“ಭಾಳ ಛಲೋ ಆತ್ರಿ. ಅಕೀನ್ನ ಕುಂಡ್ರಸ್ರಿ ಮಣಿ ಮ್ಯಾಲೆ!”

ಆದರೆ ಅಷ್ಟಕ್ಕೆ ಮುಗಿಯುವಂತಿರಲಿಲ್ಲ. ಕತ್ತಿಗೆ ಚಾಕು ಹಿಡಿದು ಮನೆಯವರಿಂದ ಕಾವಲು ಬಿಚ್ಚಿಸುವ ಕಳ್ಳರಿಗಾಗಿ ಮಾಡಿದ ಏರ್ಪಾಡೊಂದಿತ್ತು. ಎದುರಿಗಿರುವ ಯಾರ ಮುಖದಲ್ಲಾದರೂ ಹೆದರಿಕೆ ಕಂಡರೆ ಮನೆಗಣ್ಣು ಒಪ್ಪುವುದಿಲ್ಲ. ಗುರುಶಾಂತನ ಪರದೆಯಲ್ಲಿ ನಾಲ್ಕು ಪಟ್ಟಿ ಏರಿ ನಿಂತಿದ್ದವು. ಹೊನ್ನಗಂಗಮ್ಮ ನಲವತ್ತು, ರೇಣುಕಪ್ರಸಾದ್ ಅರವತ್ತೆರಡು, ಮಗು ಐವತ್ತು, ವಿನುತಾ ತೊಂಬತ್ತೊಂದು. ಎಲ್ಲವೂ ಇಪ್ಪತ್ತರ ಕೆಳಗಿಳಿಯಬೇಕು. ಹೆದರಬೇಡಿ, ಹೆದರಿದರೆ ಮಗು ಉಳಿಯುವುದಿಲ್ಲ ಎಂದು ಹೇಳುವುದಾದರೂ ಹೇಗೆ?

ಹೇಳಿದ. ಬೇರೆ ದಾರಿಯಿರಲಿಲ್ಲ.

ವಿನುತಾಳ ಪಟ್ಟಿ ತೊಂಬತ್ತಾರಕ್ಕೆ ಏರಿತು. “ಆಗಲ್ಲ ಸಾರ್. ನನ್ ಕೈಲಿ ಆಗಲ್ಲ. ಹೆಂಗೆ ಹೆದರದೆ ಇರ್ಲಿ ನಾನು?”

ಒಂದು ಇಪ್ಪತ್ತು.

“ವಿನುತಾ, ಅಳು ನಿಲ್ಲಿಸು,” ಎಂದರು ಹೊನ್ನಗಂಗಮ್ಮ. “ಆಮೇಲೆ ಇಬ್ಬರೂ ಕೂತು ಅಳೋಣ. ಈಗ ಇಲ್ಲಿ ನೋಡು.”

ಹಸಿರು ಸೀರೆಯನ್ನು ಮೊಮ್ಮಗಳ ಹೆಗಲಿಗೆ ಹೊದಿಸಿದರು. ಬೆರಳಿಗೆ ಜೇನುತುಪ್ಪ ಅದ್ದಿ ಅವಳ ತುಟಿಗೆ ಸವರಿದರು. ಇವತ್ತಿನ ಮೊದಲ ನೈವೇದ್ಯ. ಆಮೇಲೆ ಎರಡೂ ಕೈ ನೆಲಕ್ಕೂರಿ ಬಗ್ಗಿದರು. ಮೂವತ್ತೆಂಟು ವರ್ಷ ಶಾಲೆಯನ್ನು ನಿಲ್ಲಿಸಿ ಕೂರಿಸಿದ ಹೆಂಗಸು. ಮಂಡಿ ನೋವೆಂದು ಹಬ್ಬದ ದಿನ ದೇವಿಗೂ ನಿಂತೇ ಕೈ ಮುಗಿದಿದ್ದರು. ಈಗ ಒಂದು ಮಂಡಿ ಊರಿದರು, “ಅಮ್ಮಾ” ಎಂದರು, ಇನ್ನೊಂದನ್ನೂ ಊರಿ ಹಣೆಯನ್ನು ಮಗುವಿನ ಪಾದಕ್ಕೆ ಮುಟ್ಟಿಸಿದರು.

ಮಗುವಿಗೆ ಇದು ನಮಸ್ಕಾರವೆಂದು ಏನು ಗೊತ್ತು? ಅಜ್ಜಿ ಎಂದೂ ಆಡದ ಆಟ ಕೊನೆಗೂ ಆಡುತ್ತಿದ್ದಾಳೆ ಎಂದುಕೊಂಡಿತು. ಮಣೆಯಿಂದ ಜಾರಿ, ಸೀರೆ ಎಳೆದುಕೊಂಡೇ ಅಜ್ಜಿಯ ಬೆನ್ನು ಹತ್ತಿತು.

“ಅಮ್ಮಾ, ಇಳಿಸ್ಲಾ?” ಎಂದ ರೇಣುಕಪ್ರಸಾದ್.

“ಮುಟ್ಟಬೇಡ. ಇರ್ಲಿ.” ನೆಲದಿಂದ ಬಂತು ಮುಖ್ಯೋಪಾಧ್ಯಾಯಿನಿಯ ದನಿ. ಆಮೇಲೆ ಹೊನ್ನಗಂಗಮ್ಮ ತೋಳನ್ನು ಮೂಗಿನ ಮುಂದೆ ಸೊಂಡಿಲಿನಂತೆ ಆಡಿಸಿ, ಯಾರೂ ನಿರೀಕ್ಷಿಸದ ಹಾಗೆ, ಆನೆಯ ಹಾಗೆ ಘೀಳಿಟ್ಟರು.

ಅದು ಆನೆಗಿಂತ ಹೆಚ್ಚಾಗಿ, ಬಸ್ ನಿಲ್ದಾಣದಲ್ಲಿ ಹಿಂದಕ್ಕೆ ಬರುವ ಹಳೇ ಬಸ್ಸಿನ ಹಾರನ್ನಿನಂತಿತ್ತು. ಇಂಚರ ಜೊಲ್ಲಿನ ಬಾಯಲ್ಲೇ ಕಿಸಕ್ಕನೆ ನಕ್ಕಳು. ವಿನುತಾ ಅತ್ತೆಯನ್ನು ನೋಡಿದಳು. ಮದುವೆಯಾಗಿ ಐದು ವರ್ಷದಲ್ಲಿ ಅವರೆದುರು ಕಾಲು ಚಾಚಿ ಕೂತವಳಲ್ಲ. ಅವಳ ಗಂಟಲಲ್ಲಿ ಅಳು ಬರುವ ದಾರಿಯಲ್ಲೇ ನಗುವೊಂದು ನುಗ್ಗಿತು. ಎರಡೂ ಕೈ ಮುಗಿದು, ಆನೆಗೂ ಆನೆಯ ಮೇಲಿನ ದೇವಿಗೂ ನಮಸ್ಕರಿಸುತ್ತ ನಕ್ಕಳು.

ಉಳಿದ ಮೂವರ ಪಟ್ಟಿ ಆಗಲೇ ಇಳಿದಿತ್ತು, ಈಗ ವಿನುತಾಳದೂ ಇಳಿಯಿತು. ಅರವತ್ತು. ಮೂವತ್ತೈದು. ಹದಿನೆಂಟು.

“ಉತ್ತರಾಧಿಕಾರಿಯನ್ನು ಮನೆಯವರು ಒಪ್ಪಿರುತ್ತಾರೆ,” ಎಂದಿತು ಮನೆಗಣ್ಣು. “ಯಜಮಾನಿಯವರೇ, ಎಲ್ಲ ಕ್ಷೇಮವೇ?”

ಇಂಚರ ದನಿ ಬಂದ ಕಡೆ ನೋಡಿದಳು. “ಬ್ಯಾಡ,” ಎಂದಳು.

“ಹೂಂ ಅನ್ನು ಪಾಪು,” ಎಂದಳು ವಿನುತಾ, ನಗುವನ್ನು ಮುಖಕ್ಕೆ ಅಂಟಿಸಿಕೊಂಡೇ. “ಹೂಂ ಅನ್ನಮ್ಮ.”

“ಯಜಮಾನಿಯವರೇ, ಎಲ್ಲ ಕ್ಷೇಮವೇ?”

“ಬ್ಯಾಡಾ!”

“ಉತ್ತರ ಎರಡು ಬಾರಿ ಹೊಂದಿಲ್ಲ. ಮೂರನೆಯ ಬಾರಿಯೂ ಹೊಂದದಿದ್ದರೆ ಬಾಗಿಲು ಹನ್ನೆರಡು ಗಂಟೆ ತೆರೆಯುವುದಿಲ್ಲ.”

“ಮೇಡಮ್, ಸ್ವಲ್ಪ ತಡೀ ಅನ್ರಿ ಅದಕ್ಕ!” ಗುರುಶಾಂತ ಕೂಗಿದ. ನಾಗವೇಣಿ ಮೂವತ್ತು ಸೆಕೆಂಡಿನ ವಿರಾಮದ ಗುಂಡಿ ಒತ್ತಿದರು. ಎರಡು ವರ್ಷದ ಮಗು ಯಾವುದಕ್ಕೂ ಬೇಡವೆಂದೇ ಅನ್ನುತ್ತದೆ. ಅದು ಆ ವಯಸ್ಸಿನ ಹಕ್ಕು. ಮೂವತ್ತು ಸೆಕೆಂಡಿನಲ್ಲಿ ಹೂಂ ಕಲಿಸಲಾಗದು. ಉತ್ತರ ಬದಲಿಸಲಾಗದು.

ಹಾಗಾದರೆ ಪ್ರಶ್ನೆ?

ಕಾನೂನು ಕೀಲಿ ಕಸಿದುಕೊಂಡಿತ್ತು, ಪ್ರಶ್ನೆಪತ್ರಿಕೆಯನ್ನಲ್ಲ. ಮನೆಗಣ್ಣು ಕೇಳಬಹುದಾದ ಹದಿನಾಲ್ಕು ಪ್ರಶ್ನೆಗಳ ಪಟ್ಟಿಯಲ್ಲಿ ಯಾವುದನ್ನು ಬೇಕಾದರೂ ಕಂಪನಿ ಆರಿಸಬಹುದು. ಗುರುಶಾಂತನ ಬೆರಳು ಓಡಿತು. ‘ಅಪರಿಚಿತರಿಲ್ಲವೇ?’ ಅಲ್ಲ. ‘ನೀವು ಸ್ವಂತ ಇಚ್ಛೆಯಿಂದ ಹೇಳುತ್ತಿದ್ದೀರಾ?’ ಅಲ್ಲ, ಅಲ್ಲ. ಹನ್ನೊಂದನೆಯದು ಮನೆ ಬಿಟ್ಟು ಬಾಡಿಗೆಗೆ ಕೊಡುವವರಿಗಾಗಿ ಇಟ್ಟದ್ದು. ವರ್ಷಕ್ಕೊಮ್ಮೆ ಬಳಸಿದರೆ ಹೆಚ್ಚು. ಅದನ್ನು ಒತ್ತಿದ.

ವಿರಾಮ ಮುಗಿಯಿತು.

“ಯಜಮಾನಿಯವರೇ,” ಎಂದಿತು ವಾರ್ತಾವಾಚಕಿಯ ದನಿ, “ಕಾವಲು ಮುಂದುವರಿಸಬೇಕೇ?”

ಇಂಚರ ಅಜ್ಜಿಯ ಬೆನ್ನ ಮೇಲೆ ಕೂತು, ಕ್ಯಾಮೆರಾವನ್ನು ದಿಟ್ಟಿಸಿದಳು. ಬಾಯಿ ತೆರೆದಳು. ಮುಚ್ಚಿದಳು. ನುಂಗಲು ನೋವಾಗಿ ಮುಖ ಕಿವುಚಿದಳು. ಹುಬ್ಬಳ್ಳಿಯಲ್ಲಿ ಇಬ್ಬರು ಉಸಿರು ಬಿಗಿಹಿಡಿದರು.

“ಬ್ಯಾಡ.”

ಆರು ಅಗುಳಿಗಳು ಒಂದಾದ ಮೇಲೊಂದು ಹಿಂದೆ ಸರಿದವು. ಬಾಗಿಲಾಚೆ ಕಟರ್ ಹಿಡಿದು ನಿಂತವರು ತಬ್ಬಿಬ್ಬಾಗಿ ಪಕ್ಕಕ್ಕೆ ಹಾರಿದರು. ರೇಣುಕಪ್ರಸಾದ್ ಮಗುವನ್ನು ಹಸಿರು ಸೀರೆಯ ಸಮೇತ ಎತ್ತಿಕೊಂಡು ಓಡಿದ, ವಿನುತಾ ಚಪ್ಪಲಿಯಿಲ್ಲದೆ ಅವನ ಹಿಂದೆ. ಹೊನ್ನಗಂಗಮ್ಮನಿಗೆ ಮಾತ್ರ ಮೇಲೇಳಲಾಗಲಿಲ್ಲ. ನಾಲ್ಕು ಕಾಲಲ್ಲೇ ಬಾಗಿಲವರೆಗೆ ಹೋಗಿ, ಒಬ್ಬ ಅಗ್ನಿಶಾಮಕದವನ ಕೈಹಿಡಿದು ಎದ್ದು, ಕುಂಟುತ್ತ ಹೊರಟರು.

ಒಂದು ಮೂವತ್ತೊಂದು.

*

ಆಮೇಲಿನ ಒಂದು ಗಂಟೆ ಗುರುಶಾಂತ ಖಾಲಿ ಹಾಲನ್ನೇ ನೋಡುತ್ತ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಎರಡೂವರೆ ದಾಟಿದ ಮೇಲೆ ಫೋನು ಬಂತು.

“ತೆಗೆದ್ರಪ್ಪ,” ಎಂದರು ಹೊನ್ನಗಂಗಮ್ಮ. ತರಾಟೆಯ ದನಿಯಲ್ಲಿ ಈಗ ಬರಿಯ ಸುಸ್ತು. “ಒಳಗೆ ಒಂದು ಕಡೆ ಸುಟ್ಟಿದೆಯಂತೆ. ಮಾಯುತ್ತೆ, ಹತ್ತು ದಿನ ತೆಳ್ಳಗೆ ಗಂಜಿ ಕೊಡಿ ಅಂದ್ರು. ಇನ್ನೂ ತಡ ಆಗಿದ್ರೆ ತೂತು ಬೀಳ್ತಿತ್ತಂತೆ.”

ಗುರುಶಾಂತ ಕಣ್ಣು ಒರೆಸಿಕೊಂಡ. “ಅಮ್ಮಾರ, ಸೆಲ್ ತಗೀರಿ ಅಂದಾಂವ ನಾನ.”

“ಗೊತ್ತು. ಸೋಫಾ ಮೇಲಿಟ್ಟೋನು ನನ್ನ ಮಗ. ಸೊಸೆ ಮೇಲೆ ಕೂಗಾಡ್ತಾ ಮಗು ಕಡೆ ನೋಡದೇ ನಿಂತಿದ್ದೋಳು ನಾನು. ಆ ಡಬ್ಬೀನ ನಾಳೆ ಬಂದು ಬಿಚ್ಕೊಂಡ್ ಹೋಗಿ. ನಮಗೆ ಚಿಲಕ ಸಾಕು.”

ಫೋನಿಟ್ಟು ಗುರುಶಾಂತ ಕುರ್ಚಿಗೊರಗಿದ. ಆಗ ಅವನ ಕಿವಿಗೆ ಕೊಠಡಿಯ ಸದ್ದು ಬಿತ್ತು. ಇಷ್ಟು ಹೊತ್ತು ಕೇಳಿಸಿಯೇ ಇರಲಿಲ್ಲ. ಸಾಲು ಮೇಜುಗಳ ಎಲ್ಲ ಫೋನುಗಳೂ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು.

ಗೋಡೆಯ ದೊಡ್ಡ ನಕಾಶೆಯ ಕಡೆ ನೋಡಿದ. ಬೆಳಗ್ಗೆ ಒಂದಿದ್ದ ಕಿತ್ತಳೆ ದೀಪ ಈಗ ನೂರನ್ನು ಮೀರಿತ್ತು. ಮಂಡ್ಯ, ಮೈಸೂರು, ಕೋಲಾರ, ಹಾಸನ, ರಾಮನಗರ. ನೋಡುತ್ತಿದ್ದಂತೆಯೇ ಮತ್ತೆ ನಾಲ್ಕು ಹೊತ್ತಿಕೊಂಡವು. ಹಬ್ಬದ ರಿಯಾಯಿತಿಯಲ್ಲಿ ಕಂಪನಿ ಹಂಚಿದ ಕಣ್ಣುಗಳು. ಸೋಮವಾರ ಬ್ಯಾಂಕು ತೆರೆದಿತ್ತು. ಊರೂರಲ್ಲೂ ಜನ ಲಕ್ಷ್ಮಿಯ ಬೆಳ್ಳಿಮುಖವನ್ನು ಹತ್ತಿಯಲ್ಲಿ ಸುತ್ತಿ, ಲಾಕರಿನಲ್ಲಿಟ್ಟು, ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದರು. ಅವರ ಬೆನ್ನ ಹಿಂದೆ ಬಾಗಿಲು ಬಂದ್ ಆಗುತ್ತಿತ್ತು.

ಎಡಗಡೆಯ ಮೇಜಿನವಳು ಹೇಳುತ್ತಿದ್ದಳು: “ರಿಮೋಟಿನ ಸೆಲ್ ತಗದು, ಹತ್ತು ಎಣಸ್ರಿ.” ಬಲಗಡೆಯವನೂ ಅದನ್ನೇ. ಹಿಂದಿನ ಸಾಲಿನಿಂದಲೂ ಅದೇ, ಬಾಯಿಪಾಠ: “ಸೆಲ್ ತಗದು...”

“ಸೆಲ್ ತಗೀಬ್ಯಾಡ್ರೋ!” ಗುರುಶಾಂತ ಮೇಜಿನ ಮೇಲೆ ಹತ್ತಿ ನಿಂತು ಚೀರಿದ. “ಯಾರಿಗೂ ತಗೀರಿ ಅನಬ್ಯಾಡ್ರಿ! ತಗದವ್ರಿಗೆ ಕೈಯಾಗ ಗಟ್ಟಿ ಹಿಡೀರಿ ಅನ್ರಿ! ಮೇಡಮ್, ಎಲ್ಲಾರ ಪರದಿ ಮ್ಯಾಲೂ ಹನ್ನೊಂದನೇ ಪ್ರಶ್ನೆ ಹಾಕ್ರಿ!”

ಕೆಳಗಿಳಿದು ಹತ್ತಿರದ ಫೋನು ಎತ್ತಿದ. ಮಂಡ್ಯದ ಒಬ್ಬ ಹೆಂಗಸು. ಒಳಗಿನ ಕೋಣೆಯಲ್ಲಿ ಮಗಳಿಗೆ ಹೆರಿಗೆ ನೋವು ಶುರುವಾಗಿದೆ, ಆಂಬುಲೆನ್ಸು ಕೆಳಗೆ ನಿಂತಿದೆ, ಬಾಗಿಲು ತೆಗೆಯುತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು.

“ತಗಸ್ತೀನ್ರಿ ಅಕ್ಕಾರ. ಮನ್ಯಾಗ ಸಣ್ಣ ಕೂಸು ಐತೇನ್ರಿ?”

“ಇನ್ನೂ ಹುಟ್ಟೇ ಇಲ್ಲ ಕಣಪ್ಪ!”

“ಹಂಗಾರ ಹಬ್ಬದ ದಿನ ಲಕ್ಷ್ಮೀಗೆ ಕೈ ಮುಗೀಲಾರದವರು ಯಾರರ ಅದಾರೇನ್ರಿ? ಒಬ್ಬರರ?”

“ಇದಾರೆ. ನಮ್ಮೆಜಮಾನ್ರು. ದೇವ್ರು ದಿಂಡ್ರು ಎಲ್ಲಾ ಸುಳ್ಳು ಅಂತಾರೆ. ಕೈ ಮುಗ್ಯೋದಿರ್ಲಿ, ತಿರುಗೂ ನೋಡ್ಲಿಲ್ಲ. ಅದಕ್ಕೇ ಈ ಗತಿ ಬಂತು ಅಂತ ಈಗ ತಾನೇ ಬಯ್ತಿದ್ದೆ.”

“ಬಯ್ಯೂದು ನಿಲ್ಲಸ್ರಿ,” ಎಂದ ಗುರುಶಾಂತ. “ಅವರನ್ನ ಮಣಿ ಮ್ಯಾಲೆ ಕುಂಡ್ರಸ್ರಿ. ಎಲ್ಲಾರೂ ನಗನಗತಾ ಅವರ ಕಾಲಿಗೆ ಬೀಳ್ರಿ.”